ಕೆಟ್ಟ ಹೀರೋನ ಉದ್ರಿ ಖಾತೆ

ದಾವಣಗೆರೆಯ ರೇಡಿಯಂ ಅಂಗಡಿಗಳ ಗೋಡೆ ನೋಡಿ. ಆಂಜನೇಯನ ಮುಖ, ಶಿವನ ಕಣ್ಣು, ‘ಅಪ್ಪ ಕೊಡಿಸಿದ್ದು’, ‘ಅಮ್ಮನ ಆಶೀರ್ವಾದ’, ಇವುಗಳ ನಡುವೆ ಒಂದು ಬಿಳಿ ತಲೆಬುರುಡೆ. ಓರೆಗಣ್ಣು, ಕೆಳಗೆ ಇಳಿಬಿದ್ದ ಉದ್ದುದ್ದ ಹಲ್ಲು. ಮೆಷಿನ್ನಿಗೆ ಕೊಟ್ಟರೆ ಎರಡು ನಿಮಿಷದಲ್ಲಿ ಕತ್ತರಿಸಿ ಬರುತ್ತದೆ. ‘ಅಣ್ಣಾ, ಟ್ಯಾಂಕಿಗೆ ಆ ಬುರುಡೆ ಹೊಡಿ’ ಎನ್ನುವ ಹುಡುಗನಿಗೆ ಅದು ಯಾರದೆಂದು ಗೊತ್ತಿರಬೇಕಾಗಿಲ್ಲ, ಅಂಗಡಿಯವನಿಗಂತೂ ಬೇಕೇ ಇಲ್ಲ. ಆದರೆ ಆ ಬುರುಡೆಗೊಬ್ಬ ವಾರಸುದಾರನಿದ್ದಾನೆ.

ಅವನ ಹೆಸರು ಫ್ರಾಂಕ್ ಕ್ಯಾಸಲ್. ಕಾಮಿಕ್ಸ್ ಓದುವವರಿಗೆ ಪನಿಷರ್. 1974ರ ಫೆಬ್ರುವರಿ ತಾರೀಖು ಹೊತ್ತ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 129ನೇ ಸಂಚಿಕೆಯಲ್ಲಿ, ಸ್ಪೈಡರ್‌ಮ್ಯಾನ್‌ನನ್ನೇ ಮುಗಿಸಲು ಬಂದ ಬಂದೂಕುಗಾರನಾಗಿ ಕಾಣಿಸಿಕೊಂಡ. ಕಥೆ ಬರೆದ ಗೆರ್ರಿ ಕಾನ್ವೇ ಮೊದಲು ಗೀಚಿಕೊಂಡ ಚಿತ್ರದಲ್ಲಿ ಬುರುಡೆ ಎದೆಯ ಮೇಲಿನ ಸಣ್ಣ ಗುರುತಷ್ಟೇ ಆಗಿತ್ತು. ಅದನ್ನು ಮೈತುಂಬ ಹಿಗ್ಗಿಸಿದವರು ಚಿತ್ರಕಾರ ಜಾನ್ ರೊಮಿಟಾ. ಹೆಂಡತಿ ಮಕ್ಕಳು ಪಾರ್ಕಿನಲ್ಲಿ ಮಾಫಿಯಾ ಗುಂಡಿಗೆ ಬಲಿಯಾದರು, ಅದಕ್ಕೇ ಇವನು ಹೀಗಾದ ಎಂಬ ಹಿನ್ನೆಲೆ ಬಂದಿದ್ದು ಮರುವರ್ಷ, ಬೇರೊಂದು ಪತ್ರಿಕೆಯಲ್ಲಿ. ಬುರುಡೆ ಮೊದಲು ಹುಟ್ಟಿತು, ದುಃಖ ಆಮೇಲೆ. ಈ ಹಿಂದುಮುಂದು ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ಮುಂದೆ ಆ ಬುರುಡೆ ಕಥೆಯನ್ನು ಹಿಂದೆ ಬಿಟ್ಟು ಊರೂರು ಸುತ್ತಿತು. ಅಮೆರಿಕದ ಸೈನಿಕರು ಹಾಕಿಕೊಂಡರು, ಪೊಲೀಸರು ಜೀಪಿಗೆ ಅಂಟಿಸಿದರು. ಕಾನೂನನ್ನು ಗಾಳಿಗೆ ತೂರಿ ಕೊಲ್ಲುವವನ ಗುರುತನ್ನು ಕಾನೂನು ಕಾಯುವವರೇ ಹೊತ್ತರು. 2019ರ ಒಂದು ಸಂಚಿಕೆಯಲ್ಲಿ ಪ್ರಕಾಶಕರಾದ ಮಾರ್ವೆಲ್‌ನವರು ಇದಕ್ಕೆ ಕಥೆಯೊಳಗೇ ಉತ್ತರ ಕೊಡಲು ನೋಡಿದರು: ತನ್ನ ಅಭಿಮಾನಿಗಳೆಂದು ಹೇಳಿಕೊಂಡ ಪೊಲೀಸರ ಗಾಡಿಯಿಂದ ಪನಿಷರ್ ಆ ಸ್ಟಿಕ್ಕರ್ ಕಿತ್ತು ಹರಿದುಹಾಕಿ, ಬೇಕಿದ್ದರೆ ಕ್ಯಾಪ್ಟನ್ ಅಮೆರಿಕನನ್ನು ಮಾದರಿ ಮಾಡಿಕೊಳ್ಳಿ ಎನ್ನುತ್ತಾನೆ. ಕೇಳಿದವರು ಕಡಿಮೆ. 2021ರ ಜನವರಿ 6ರಂದು ವಾಷಿಂಗ್ಟನ್ನಿನ ಸಂಸತ್ ಭವನಕ್ಕೆ ನುಗ್ಗಿದವರ ಬಟ್ಟೆಗಳ ಮೇಲೂ ಅದೇ ಬುರುಡೆ ಇತ್ತು. 2022ರ ಹೊಸ ಸರಣಿಯಲ್ಲಿ ಕಂಪನಿ ಗುರುತನ್ನೇ ಬದಲಿಸಿತು.

ಬರೆದವರಿಗೇ ಬೇಡವಾದದ್ದು ಓದುವವರಿಗೆ ಯಾಕೆ ಇಷ್ಟು ಬೇಕಾಯಿತು? ‘ಈಗಿನ ಹುಡುಗರಿಗೆ ಕೆಟ್ಟವರೇ ಹೀರೋಗಳು’ ಎಂದು ಕೈತೊಳೆದುಕೊಳ್ಳುವುದು ಸುಲಭ. 2026ರ ನವೆಂಬರ್ 19ಕ್ಕೆ ಅಪರಾಧಿಯೇ ಹೀರೋ ಆಗಿರುವ ವಿಡಿಯೋ ಗೇಮ್ ಜಿಟಿಎ 6 ಬಿಡುಗಡೆ ಎಂದು ಅದರ ಕಂಪನಿ ರಾಕ್‌ಸ್ಟಾರ್ ತಾರೀಖು ಕೊಟ್ಟಿರುವುದರಿಂದ ಈ ಮಾತು ಟಿವಿಯಲ್ಲೂ ಪೋಷಕರ ಸಭೆಗಳಲ್ಲೂ ಮತ್ತೆ ಏಳುವುದು ಖಂಡಿತ. ಆದರೆ ಕೆಟ್ಟ ಹೀರೋ ಹೊಸಬನಲ್ಲ. ಕೆಲವು ಕೃತಿಗಳಲ್ಲಿ ಅವನು ಓದುಗನನ್ನು ಯೋಚನೆಗೆ ಹಚ್ಚುತ್ತಾನೆ, ಇನ್ನು ಕೆಲವದರಲ್ಲಿ ಬರೀ ಸ್ಟಿಕ್ಕರ್ ಆಗಿ ಉಳಿಯುತ್ತಾನೆ. ಈ ವ್ಯತ್ಯಾಸಕ್ಕೆ ಕಾರಣ ಅವನ ಕೆಟ್ಟತನದ ಪ್ರಮಾಣ ಎಂದು ಬಹಳ ಜನ ತಿಳಿದಿದ್ದಾರೆ. ಲೆಕ್ಕ ಇಡುವ ರೀತಿಯಲ್ಲಿದೆ ಕಾರಣ.

ಮಂಡಿಪೇಟೆಯ ಕಿರಾಣಿ ಅಂಗಡಿಯಲ್ಲಿ ಉದ್ರಿ ಪುಸ್ತಕ ಇರುತ್ತದಲ್ಲ, ಹಾಗೆ. ಸಾಮಾನು ಒಯ್ದವನು ಯಾರು, ಬರೆದದ್ದು ಯಾರ ಹೆಸರಿಗೆ, ಕೊನೆಗೆ ತೀರಿಸಿದ್ದು ಯಾರು, ಈ ಮೂರೂ ಪುಸ್ತಕದಲ್ಲಿ ಕಾಣಬೇಕು. ಈ ಕೆಟ್ಟ ಹೀರೋ, ಇಂಗ್ಲಿಷಿನಲ್ಲಿ ಆಂಟಿಹೀರೋ, ಮಾಡುವ ಪ್ರತಿ ತಪ್ಪೂ ಉದ್ರಿಯೇ. ಬರೆದಿಡುವ ಕೃತಿ ನಿಲ್ಲುತ್ತದೆ. ಹೀರೋ ನಮ್ಮವನಲ್ಲವಾ ಎಂದು ಬರೆಯದೇ ಬಿಟ್ಟಿದ್ದು ಬೈಕಿನ ಟ್ಯಾಂಕಿಗೆ ಹೋಗುತ್ತದೆ.

ಮೊದಲು ಹೆಸರಿನ ಗೊಂದಲ. ಆಂಟಿಹೀರೋ ಎಂಬುದಕ್ಕೆ ಕೆಲವರು ‘ಪ್ರತಿನಾಯಕ’ ಎಂದು ಬರೆಯುತ್ತಾರೆ. ಕಾವ್ಯಶಾಸ್ತ್ರದಲ್ಲಿ ಪ್ರತಿನಾಯಕ ಎಂದರೆ ನಾಯಕನ ಎದುರಾಳಿ, ಖಳ. ಆಂಟಿಹೀರೋ ಖಳನಲ್ಲ, ಕಥೆ ಅವನದೇ, ನಾವು ಅವನ ಬೆನ್ನಿಗೇ ನಡೆಯುತ್ತೇವೆ, ಗುಣ ಮಾತ್ರ ನಾಯಕನದಲ್ಲ. ಹಳೆಯವರ ನಾಲ್ಕು ಬಗೆಯ ನಾಯಕರಲ್ಲಿ ಧೀರೋದ್ಧತ ಹತ್ತಿರ ಬರುತ್ತಾನೆ: ಗರ್ವಿ, ಮಾಯಾವಿ, ಸಿಡುಕ. ಸಿನಿಮಾ ಮಾತಿನಲ್ಲಿ ಹೇಳುವ ‘ನೆಗೆಟಿವ್ ಶೇಡ್ ಇರೋ ಹೀರೋ’ ಇನ್ನೂ ಹತ್ತಿರ. ಹತ್ತನೆಯ ಶತಮಾನದ ಕೊನೆಗೆ ರನ್ನ ಗದಾಯುದ್ಧ ಬರೆದಾಗ ಹೆಸರಿಗೆ ಅವನ ನಾಯಕ ಭೀಮ, ಅದೂ ಆಶ್ರಯದಾತ ಸತ್ಯಾಶ್ರಯನ ಜೊತೆ ಸಮೀಕರಿಸಿದ ಭೀಮ. ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಇದಕ್ಕಾಗಿ ರನ್ನ ಅವನ ತಪ್ಪುಗಳನ್ನು ಅಳಿಸಲು ಹೋಗಲಿಲ್ಲ. ಅವನನ್ನು ಹೆಣಗಳ ನಡುವೆ ನಡೆಸಿದ, ಅಷ್ಟೇ. ಮಗನ ಹೆಣ, ತಮ್ಮನ ಹೆಣ, ಕರ್ಣನ ಹೆಣ, ತನ್ನವರೇ ಮುತ್ತಿ ಕೊಂದ ಅಭಿಮನ್ಯುವಿನ ಹೆಣ. ಉದ್ರಿ ಪುಸ್ತಕದ ಒಂದೊಂದೇ ಪುಟ ತಿರುವಿ ತೋರಿಸಿದ ಹಾಗೆ. ಲೆಕ್ಕ ನೋಡಿದ ಮೇಲೂ ಅವನು ಸಂಧಿಗೆ ಒಪ್ಪುವುದಿಲ್ಲ.

ಚಿತ್ರದುರ್ಗದವರಿಗೆ ಇನ್ನೂ ಹತ್ತಿರದ ಉದಾಹರಣೆ ಕಣ್ಣೆದುರಿಗೇ ಇದೆ. 1972ರಲ್ಲಿ ತರಾಸು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ‘ನಾಗರಹಾವು’ ಕೋಟೆಯ ಬಂಡೆಗಳ ಮೇಲೇ ನಡೆಯುತ್ತದೆ. ರಾಮಾಚಾರಿ ಒಳ್ಳೆಯ ಹುಡುಗನೇನೂ ಅಲ್ಲ, ಮುಂಗೋಪಿ, ಹಟಮಾರಿ. ಆದರೂ ಐವತ್ತು ವರ್ಷದಿಂದ ಜನ ಅವನನ್ನು ಬಿಟ್ಟುಕೊಟ್ಟಿಲ್ಲ. ಚಿತ್ರದ ಲೆಕ್ಕ ಮಾತ್ರ ಖಡಕ್ಕಾಗಿದೆ. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅಲಮೇಲುವನ್ನು ಬಿಟ್ಟುಕೊಟ್ಟದ್ದನ್ನು ತ್ಯಾಗ ಅಂದುಕೊಂಡು ನಾವು ಕಣ್ಣೀರು ಹಾಕಿರುತ್ತೇವೆ. ಆ ತ್ಯಾಗದ ಉದ್ರಿ ತೀರಿಸಿದವಳು ಅಲಮೇಲು ಎಂದು ಚಿತ್ರ ಆಮೇಲೆ ತೋರಿಸುತ್ತದೆ. ಕೊನೆಗೆ ಚಾಮಯ್ಯ ಮೇಷ್ಟ್ರು ಬಂಡೆಯಿಂದ ಬೀಳುವುದೂ ಅವನ ಸಿಟ್ಟಿನಿಂದಲೇ. ಕೋಟೆ ನೋಡಲು ಬಂದವರು ರಾಮಾಚಾರಿಯ ಥರ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಅದು ಬೇರೆ ಮಾತು.

ಕಾಮಿಕ್ಸ್‌ನಲ್ಲಿ ಈ ಲೆಕ್ಕ ಇಡುವುದಕ್ಕೆ ಬಹುಕಾಲ ಅವಕಾಶವೇ ಇರಲಿಲ್ಲ. 1954ರಲ್ಲಿ ಅಮೆರಿಕದ ಪ್ರಕಾಶಕರು ತಾವೇ ಹಾಕಿಕೊಂಡ ಕಾಮಿಕ್ಸ್ ಕೋಡ್ ಪ್ರಕಾರ ಪ್ರತಿ ಕಥೆಯಲ್ಲೂ ಒಳಿತೇ ಗೆಲ್ಲಬೇಕು, ಅಪರಾಧಿಯ ಮೇಲೆ ಕನಿಕರ ಹುಟ್ಟುವಂತೆ ಏನನ್ನೂ ಬರೆಯಕೂಡದು. 1971ರಲ್ಲಿ ಸ್ಪೈಡರ್‌ಮ್ಯಾನ್‌ನ ಮೂರು ಸಂಚಿಕೆಗಳು ಮಾದಕವಸ್ತುವಿನ ಕಥೆ ಹೇಳಿದ್ದಕ್ಕೆ ಕೋಡ್‌ನ ಮುದ್ರೆಯಿಲ್ಲದೇ ಬಂದವು, ಅದೇ ವರ್ಷ ನಿಯಮ ಸಡಿಲಾಯಿತು. ಮೂರು ವರ್ಷಕ್ಕೆ ಪನಿಷರ್ ಬಂದ, ಅವನಂಥ ಇನ್ನೊಬ್ಬ ಒರಟ ವುಲ್ವರೀನ್ ಬಂದ. ಹಿಂದಿಯಲ್ಲಿ 1990ರ ದಶಕದಲ್ಲಿ ರಾಜ್ ಕಾಮಿಕ್ಸ್‌ನ ಡೋಗಾ ನಾಯಿಯ ಮುಖವಾಡ ಹಾಕಿಕೊಂಡು ಮುಂಬೈ ಬೀದಿಗಿಳಿದ. ಕಸದಲ್ಲಿ ಸಿಕ್ಕ ಮಗು ಬೆಳೆದು ಬಂದೂಕು ಹಿಡಿದ ಕಥೆ. ಪನಿಷರ್‌ನ ಗುಣವೂ ಅವನಲ್ಲಿದೆ, ದೋಷವೂ.

ಆ ದೋಷಕ್ಕೆ ‘ನಿರೀಕ್ಷಣಾ ಜಾಮೀನು’ ಎಂದು ಹೆಸರಿಡಬಹುದು. ಹೀರೋ ತಪ್ಪು ಮಾಡುವುದಕ್ಕೆ ಮುಂಚೆಯೇ ಅವನ ಬಾಲ್ಯದ ಕಷ್ಟ, ಸತ್ತ ಅಪ್ಪ ಅಮ್ಮ, ಸುಟ್ಟ ಮನೆ ಎಲ್ಲವನ್ನೂ ತೋರಿಸಿಬಿಟ್ಟರೆ ಓದುಗ ಎಲ್ಲಕ್ಕೂ ಜಾಮೀನು ಕೊಟ್ಟು ಕೂತಿರುತ್ತಾನೆ. ಆಮೇಲೆ ಹತ್ತು ಜನರನ್ನು ಕೊಂದರೂ ‘ಪಾಪ, ಅವನಿಗೆ ಏನಾಗಿತ್ತು ಗೊತ್ತಾ’. ಪನಿಷರ್ ಮೊದಲು ಬಂದಾಗ ಈ ಜಾಮೀನು ಇರಲಿಲ್ಲ. ಅಲ್ಲಿ ಅವನು ತಪ್ಪು ತಿಳಿದು ಗುಂಡು ಹಾರಿಸುವ ಅಪಾಯದ ಮನುಷ್ಯ, ಅಷ್ಟೇ. ಜಾಮೀನು ಸಿಕ್ಕಿದ ಮೇಲೆ ಅವನಿಗೆ ಸ್ವಂತ ಪತ್ರಿಕೆಯೂ ಸಿಕ್ಕಿತು.

ಲೆಕ್ಕ ಸರಿಯಾಗಿ ಇಟ್ಟಿದ್ದು ಹೇಗಿರುತ್ತದೆ ಎಂಬುದಕ್ಕೆ ಅಲನ್ ಮೂರ್ ಮತ್ತು ಡೇವ್ ಗಿಬ್ಬನ್ಸ್ 1986–87ರಲ್ಲಿ 12 ಸಂಚಿಕೆಗಳಲ್ಲಿ ತಂದ ‘ವಾಚ್‌ಮೆನ್’ ನೋಡಬೇಕು, ಅದರಲ್ಲೂ ಮುಖವಾಡ ಹಾಕಿಕೊಂಡು ಅಪರಾಧಿಗಳ ಬೆನ್ನುಹತ್ತುವ ರೋರ್ಶಾಕ್‌ನನ್ನು. ಮೊದಲ ಪುಟದಲ್ಲೇ ಅವನ ಡೈರಿಯ ಮಾತುಗಳು ಬರುತ್ತವೆ. ಅದೇ ಪುಟದಲ್ಲಿ ‘ಪ್ರಳಯ ಬಂತು’ ಎಂಬ ಬೋರ್ಡು ಹಿಡಿದ ಕೆಂಪು ಕೂದಲಿನವನೊಬ್ಬ ರಕ್ತ ತುಳಿದು ಹೋಗುತ್ತಾನೆ. ಅವನೇ ಇವನು ಎಂದು ತಿಳಿಯುವುದು ಐದನೇ ಸಂಚಿಕೆಗೆ. ಅಷ್ಟರಲ್ಲಿ ಆ ಬೋರ್ಡಿನವನನ್ನು ನಾವು ಹಲವು ಸಲ ನೋಡಿ, ಯಾರೋ ತಲೆಕೆಟ್ಟವನು ಅಂದುಕೊಂಡು ಪುಟ ತಿರುಗಿಸಿರುತ್ತೇವೆ. ಡೈರಿಯ ದನಿ ನಂಬಿದವರಿಗೆ ಅವನ ಮೈವಾಸನೆ ಆಮೇಲೆ ಬಡಿಯುತ್ತದೆ.

ಆರನೇ ಸಂಚಿಕೆ ಇನ್ನೂ ಹುಷಾರಾಗಿದೆ. ಜೈಲಿನಲ್ಲಿ ಮನೋವೈದ್ಯ ಮಾಲ್ಕಮ್ ಲಾಂಗ್ ಅವನ ಕಥೆ ಕೇಳುತ್ತಾನೆ. ಒಂದು ಮಗುವಿನ ಕೊಲೆ, ಆ ಕೊಲೆಗಾರನಿಗೆ ರೋರ್ಶಾಕ್ ಕೊಟ್ಟ ಶಿಕ್ಷೆ. ಬೇರೆ ಕಾಮಿಕ್ಸ್ ಆಗಿದ್ದರೆ ಅಲ್ಲಿಗೇ ಚಪ್ಪಾಳೆ. ಇಲ್ಲಿ ಕಥೆ ವೈದ್ಯನ ಹಿಂದೆ ಅವನ ಮನೆಗೆ ಹೋಗುತ್ತದೆ. ಲವಲವಿಕೆಯ ಮನುಷ್ಯ ದಿನದಿಂದ ದಿನಕ್ಕೆ ಮಂಕಾಗುತ್ತಾನೆ, ಊಟಕ್ಕೆ ಕರೆದ ಸ್ನೇಹಿತರ ಮುಂದೆ ಹೇಳಬಾರದ್ದನ್ನು ಹೇಳುತ್ತಾನೆ, ಹೆಂಡತಿ ಎದ್ದು ಹೋಗುತ್ತಾಳೆ. ರೋರ್ಶಾಕ್‌ನ ಉದ್ರಿ ಅವನ ಮಾತು ಕೇಳಿಸಿಕೊಂಡವನ ಹೆಸರಿಗೆ ಬಿತ್ತು. ಇಷ್ಟಾದರೂ ಮೂರ್‌ಗೆ ಎದುರಾದ ಅಭಿಮಾನಿಗಳಲ್ಲಿ ರೋರ್ಶಾಕ್ ನಾನೇ ಎನ್ನುವವರಿಗೆ ಕಡಿಮೆಯಿರಲಿಲ್ಲ. ಬರವಣಿಗೆಯ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂಬುದಕ್ಕೂ ಮಿತಿಯಿದೆ.

ಜಪಾನಿನ ‘ಡೆತ್ ನೋಟ್’ (2003–2006) ಕಾಮಿಕ್ಸ್ ಬೇರೆ ದಾರಿ ಹಿಡಿಯುತ್ತದೆ, ಮೆಟ್ಟಿಲಿನ ದಾರಿ. ಹೆಸರು ಬರೆದ 40 ಸೆಕೆಂಡಿಗೆ ಆ ಮನುಷ್ಯ ಸಾಯುವ ಪುಸ್ತಕ ಒಬ್ಬ ಬುದ್ಧಿವಂತ ವಿದ್ಯಾರ್ಥಿಗೆ ಸಿಗುತ್ತದೆ. ಮೊದಲ ಹೆಸರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನದು. ಯಾರೂ ತಕರಾರು ಮಾಡುವುದಿಲ್ಲ. ಆಮೇಲೆ ಕೈದಿಗಳು. ಆಮೇಲೆ ಟಿವಿಯಲ್ಲಿ ನೀನು ಮಾಡುತ್ತಿರುವುದು ಪಾಪ ಎಂದವನು. ಆಮೇಲೆ ತನ್ನನ್ನು ಹುಡುಕುತ್ತಿರುವ ಎಫ್‌ಬಿಐ ಅಧಿಕಾರಿಗಳು, ಯಾವ ತಪ್ಪೂ ಮಾಡದವರು. ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಒಂದೇ ಗೇಣು ಕೆಳಗೆ. ಎಲ್ಲಿ ಇಳಿಯಬೇಕಿತ್ತು ಎಂದು ಓದುಗ ಹಿಂದಿರುಗಿ ನೋಡಿದರೆ ತಾನೂ ಮೂರು ಮೆಟ್ಟಿಲು ಜೊತೆಗೇ ಬಂದಿದ್ದು ಗೊತ್ತಾಗುತ್ತದೆ. ಈ ಬಗೆಯಲ್ಲಿ ಬರೆಯುವವರು ಸಾಮಾನ್ಯವಾಗಿ ಎಡವುವುದು ಮೂರನೇ ಮೆಟ್ಟಿಲಿನಲ್ಲಿ: ಅಲ್ಲಿಯ ಬಲಿಗೂ ಏನೋ ಒಂದು ಕೆಟ್ಟ ಗುಣ ಅಂಟಿಸಿ ಹೀರೋನನ್ನು ಉಳಿಸಿಕೊಂಡುಬಿಡುತ್ತಾರೆ. ಉಳಿಸಿದ ಕೂಡಲೇ ಮೆಟ್ಟಿಲು ಹೋಗಿ ಸಮತಟ್ಟು ಅಂಗಳವಾಗುತ್ತದೆ.

ಗೇಮ್‌ಗಳಲ್ಲಿ ವ್ಯವಹಾರ ಬೇರೆ. ಕಾಮಿಕ್ಸ್‌ನಲ್ಲಿ ತಪ್ಪು ಮಾಡುವವನು ಅವನು. ಗೇಮ್‌ನಲ್ಲಿ ಬಟನ್ ಒತ್ತುವ ಬೆರಳು ನಮ್ಮದು. ಬೆರಳಿಗೆ ಲಾಭ ನಷ್ಟದ ಲೆಕ್ಕ ಬೇಗ ತಿಳಿಯುತ್ತದೆ, ನೀತಿ ನಿಧಾನ. ಹಾಗಾಗಿ ಇಲ್ಲಿ ಅಂಕಿಗಳೇ ನೀತಿ ಹೇಳುತ್ತವೆ, ಸಂಭಾಷಣೆ ಏನೇ ಹೇಳಲಿ.

2007ರ ‘ಬಯೋಶಾಕ್’ ತೆಗೆದುಕೊಳ್ಳಿ. ಲಿಟ್ಲ್ ಸಿಸ್ಟರ್ ಎಂಬ ಪುಟ್ಟ ಹುಡುಗಿಯರ ಮೈಯಲ್ಲಿ ಆಡಂ ಎಂಬ ದ್ರವ್ಯ ಇದೆ, ಅದರಿಂದಲೇ ನಮ್ಮ ಶಕ್ತಿ ಹೆಚ್ಚುವುದು. ಹುಡುಗಿಯನ್ನು ಕೊಂದು ತೆಗೆದರೆ 160, ಬದುಕಿಸಿ ಬಿಟ್ಟರೆ 80. ದೊಡ್ಡ ಧರ್ಮಸಂಕಟ ಎಂದು ಆಗ ಎಲ್ಲರೂ ಹೊಗಳಿದರು. ಆದರೆ ಮೂವರನ್ನು ಬದುಕಿಸಿದರೆ 200ರ ಉಡುಗೊರೆ ಬರುತ್ತದೆ. ಈಗ ಕೂಡಿಸಿ: ಮೂವರನ್ನು ಕೊಂದರೆ 480, ಬದುಕಿಸಿದರೆ 240ಕ್ಕೆ 200 ಸೇರಿ 440. ಇಡೀ ಆಟದ 21 ಹುಡುಗಿಯರಿಗೆ 3360 ಎದುರು 3080. ಉಡುಗೊರೆಯ ಜೊತೆ ಬೇರೆ ಸಾಮಾನೂ ಬರುವುದರಿಂದ ಒಳ್ಳೆಯವನಾಗಲು ಖರ್ಚೇ ಇಲ್ಲ. ಖರ್ಚಿಲ್ಲದ ಒಳ್ಳೆಯತನ ರಿಯಾಯಿತಿ ಸೇಲ್ ಇದ್ದಂತೆ, ಅದರಿಂದ ಯಾರ ಗುಣವೂ ಗೊತ್ತಾಗುವುದಿಲ್ಲ. ಇದೇ ಆಟದ ಬಗ್ಗೆ ಬರೆಯುತ್ತಾ ಗೇಮ್ ವಿನ್ಯಾಸಕ ಕ್ಲಿಂಟ್ ಹಾಕಿಂಗ್ ಅದೇ ವರ್ಷ ‘ಲ್ಯೂಡೋನೆರೇಟಿವ್ ಡಿಸೊನೆನ್ಸ್’ ಎಂಬ ಪದ ಹುಟ್ಟಿಸಿದ. ಕಥೆ ಒಂದು ಕಡೆ ಎಳೆಯುತ್ತದೆ, ಆಟದ ನಿಯಮ ಇನ್ನೊಂದು ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ನಮ್ಮಲ್ಲಿ ಹೇಳುವುದೂ ಇದನ್ನೇ.

ಕೆಟ್ಟವನಾಗುವ ಬಾಗಿಲು ತೆರೆದಿಟ್ಟರೂ ಬಹುತೇಕರು ಒಳಗೆ ಹೋಗುವುದಿಲ್ಲ ಎಂಬುದು ಪೋಷಕರಿಗೆ ಗೊತ್ತಿರಬೇಕಾದ ಸಂಗತಿ. ‘ಮಾಸ್ ಎಫೆಕ್ಟ್’ ಸರಣಿಯಲ್ಲಿ ಸಜ್ಜನ ಮತ್ತು ಒರಟ ಎಂಬ ಎರಡು ದಾರಿಗಳಿದ್ದವು. ಅದರಲ್ಲಿ ಕೆಲಸ ಮಾಡಿದ್ದವರೊಬ್ಬರು 2020ರಲ್ಲಿ ಹೇಳಿದಂತೆ ಆಡಿದವರಲ್ಲಿ ಸುಮಾರು ಶೇಕಡ 92ರಷ್ಟು ಮಂದಿ ಸಜ್ಜನ ದಾರಿ ಹಿಡಿದವರು. ಹಾಗಾಗಿ ಇಬ್ಬಗೆಯ ಮಾಪಕ ಇಟ್ಟು ‘ನೀವೇ ಆರಿಸಿ’ ಎನ್ನುವ ಆಟದಲ್ಲಿ ನಿಜವಾದ ಆಂಟಿಹೀರೋ ಹುಟ್ಟುವುದು ಅಪರೂಪ.

ಮಾಪಕದ ಇನ್ನೊಂದು ತೊಂದರೆಯನ್ನು 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ ತೋರಿಸಿಕೊಡುತ್ತದೆ. ಅಲ್ಲಿ ಕೆಂಪು ಬಿಳಿ ಪಟ್ಟಿಯ ಗೌರವ ಮಾಪಕವಿದೆ. ಅಮಾಯಕನನ್ನು ಕೊಂದರೆ ಇಳಿಯುತ್ತದೆ. ದಾರಿಹೋಕರಿಗೆ ನಮಸ್ಕಾರ ಹೇಳಿದರೆ, ಹಿಡಿದ ಮೀನನ್ನು ನೀರಿಗೆ ಬಿಟ್ಟರೆ ಏರುತ್ತದೆ. ಬೆಳಿಗ್ಗೆ ಕೊಲೆ, ಮಧ್ಯಾಹ್ನ ಹೊಳೆ ದಂಡೆಯಲ್ಲಿ ಕೂತು ಮೀನು ಬಿಡುತ್ತಾ ಹೋದರೆ ಸಂಜೆಗೆ ಗೌರವಸ್ಥ. ಹುಂಡಿಗೆ ಕಾಸು ಹಾಕಿ ಕೈಮುಗಿದ ಹಾಗೆ.

ಆದರೆ ಅದೇ ಆಟದೊಳಗೆ ಮಾಪಕಕ್ಕೆ ಸಿಗದ ಇನ್ನೊಂದು ಲೆಕ್ಕ ನಡೆಯುತ್ತಿರುತ್ತದೆ. ಹೀರೋ ಆರ್ಥರ್ ಮಾರ್ಗನ್ ತನ್ನ ಗುಂಪಿನ ಬಡ್ಡಿ ವ್ಯವಹಾರದ ವಸೂಲಿಗೆ ಹೋಗುತ್ತಾನೆ. ಸಾಲಗಾರ ಥಾಮಸ್ ಡೌನ್ಸ್ ಎಂಬ ಸಣ್ಣ ರೈತ, ಕೆಮ್ಮುತ್ತಿರುವವನು. ಬೇಲಿಗೆ ಒತ್ತಿ ಹಿಡಿದು ಹೊಡೆಯುವಾಗ ಅವನು ಕೆಮ್ಮಿದ ರಕ್ತ ಆರ್ಥರ್‌ನ ಮುಖಕ್ಕೆ ಸಿಡಿಯುತ್ತದೆ. ಕಣ್ಣುಮಿಟುಕಿಸುವಷ್ಟರಲ್ಲಿ ಆ ದೃಶ್ಯ ಮುಗಿಯುತ್ತದೆ, ಆಡುವವರು ಮರೆಯುತ್ತಾರೆ. ಎಷ್ಟೋ ಗಂಟೆಗಳ ಆಟದ ನಂತರ ಆರ್ಥರ್ ಬೀದಿಯಲ್ಲಿ ಕುಸಿಯುತ್ತಾನೆ, ಡಾಕ್ಟರು ಕ್ಷಯ ಎನ್ನುತ್ತಾರೆ. ಅದಕ್ಕಿಂತ ಗಟ್ಟಿ ಹೊಡೆತ ಡೌನ್ಸ್‌ನ ಹೆಂಡತಿಯದು. ಗಂಡ ಸತ್ತ ಮೇಲೆ ಅವಳು ಮೈ ಮಾರಿಕೊಂಡು ಬದುಕುತ್ತಿರುವುದನ್ನು ಆರ್ಥರ್ ಕಣ್ಣಾರೆ ನೋಡಬೇಕಾಗುತ್ತದೆ. ಉದ್ರಿ ಇಬ್ಬರ ಹೆಸರಿಗೆ ಬಿದ್ದಿದೆ. ಆ ವಸೂಲಿ ಆಟದಲ್ಲಿ ಕಡ್ಡಾಯ, ತಪ್ಪಿಸಿಕೊಳ್ಳುವ ದಾರಿಯಿಲ್ಲ. ಎಷ್ಟು ಮೀನು ಬಿಟ್ಟರೂ ಕ್ಷಯ ಹೋಗುವುದಿಲ್ಲ.

ಗೇಮ್‌ಗಳಲ್ಲಿ ಲೆಕ್ಕ ತಪ್ಪಿಸುವ ದೊಡ್ಡ ಕಳ್ಳದಾರಿ, ಆಟ ಎಲ್ಲಿಗೆ ಬಂತೆಂದು ಉಳಿಸಿಡುವ ಸೇವ್ ಫೈಲು. ಕೊಂದು ನೋಡುವುದು, ಏನಾಗುತ್ತದೆಂದು ತಿಳಿದು ಹಿಂದಿನ ಸೇವ್‌ಗೆ ಹೋಗುವುದು. ಉದ್ರಿ ಪುಸ್ತಕದ ಹಾಳೆಯನ್ನೇ ಹರಿದ ಹಾಗೆ. 2015ರ ‘ಅಂಡರ್‌ಟೇಲ್’ ಇದನ್ನು ಮೊದಲೇ ಊಹಿಸಿತ್ತು. ಟೋರಿಯೆಲ್ ಎಂಬ ತಾಯಿಯಂಥ ಪಾತ್ರವನ್ನು ಕೊಂದು, ಬೇಸರವಾಗಿ, ಹಿಂದೆ ಹೋಗಿ ಉಳಿಸಿದರೆ, ನೀನು ಅವಳನ್ನು ಒಮ್ಮೆ ಕೊಂದದ್ದು ನನಗೆ ಗೊತ್ತು ಎಂದು ಹೂವೊಂದು ಮುಂದೆ ನಿಂತು ಹೇಳುತ್ತದೆ. ತಾಂತ್ರಿಕವಾಗಿ ಇದು ಚಿಕ್ಕ ಕೆಲಸ, ಸೇವ್ ಫೈಲಿನ ಹೊರಗೆ ಇನ್ನೊಂದು ಫೈಲಿನಲ್ಲಿ ಒಂದು ಗುರುತು ಇಟ್ಟರೆ ಮುಗಿಯಿತು. ಆಡುವವನ ಮೈ ಜುಮ್ಮೆನ್ನುತ್ತದೆ.

2003ರ ಸುಮಾರಿಗೆ ನಮ್ಮ ಊರುಗಳ ಸೈಬರ್ ಕೆಫೆಗಳಲ್ಲಿ ಜಿಟಿಎ ಸರಣಿಯ ‘ವೈಸ್ ಸಿಟಿ’ ಆಡಿದ ತಲೆಮಾರಿಗೆ ಇದರ ತದ್ವಿರುದ್ಧ ನೆನಪಿರಬೇಕು. ‘ಪ್ಯಾಂಜರ್’ ಎಂದು ಟೈಪ್ ಮಾಡಿದರೆ ಆಕಾಶದಿಂದ ಬಿದ್ದಂತೆ ಟ್ಯಾಂಕು. ಪೊಲೀಸರು ಬೆನ್ನತ್ತಿದ್ದನ್ನು ತೋರಿಸುವ ನಕ್ಷತ್ರಗಳು ಹೆಚ್ಚಾದರೆ ‘ಲೀವ್ ಮೀ ಅಲೋನ್’ ಎಂದು ಒಂದೇ ಉಸಿರಿಗೆ ಹೊಡೆದರೆ ಎಲ್ಲ ಮಾಫಿ. ಬಂದವರಲ್ಲಿ ಕಥೆಯ ಮಿಷನ್ ಆಡುವವರು ಬೆರಳೆಣಿಕೆ. ಗಂಟೆಯ ಬಾಡಿಗೆ ಮುಗಿಯುವ ಮುಂಚೆ ಊರು ಪುಡಿ ಮಾಡಬೇಕಿತ್ತು. ಆ ಆಟದ ಹೀರೋ ಟಾಮಿ ವರ್ಸೆಟ್ಟಿ ಒಳ್ಳೆಯವನೋ ಕೆಟ್ಟವನೋ ಯಾರೂ ಕೇಳಲಿಲ್ಲ, ಅವನು ಮನುಷ್ಯನೇ ಆಗಿರಲಿಲ್ಲ, ಕೀಲಿಕೊಟ್ಟ ಗೊಂಬೆ. ಈ ಆಟಗಳಿಂದ ಹುಡುಗರು ಕೆಡುತ್ತಾರೆ ಎನ್ನುವವರೂ, ಇವು ಸಮಾಜದ ಕನ್ನಡಿ ಎನ್ನುವವರೂ ಈ ಗೊಂಬೆಯಾಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಯಸ್ಸಿನ ಮಾತು ಬೇರೆ: ಈ ಸರಣಿಗೆ ಅಮೆರಿಕದಲ್ಲಿ 17ರ ಮೇಲೆ, ಯುರೋಪಿನಲ್ಲಿ 18ರ ಮೇಲೆ ಎಂಬ ಮುದ್ರೆಯಿದೆ, ಆರನೇ ಕ್ಲಾಸಿನ ಹುಡುಗನಿಗೆ ಕೊಡಿಸುವ ಮುಂಚೆ ಡಬ್ಬಿ ತಿರುಗಿಸಿ ನೋಡಿದರೆ ಸಾಕು.

ಉದ್ರಿಯನ್ನು ನೇರ ಆಡುವವನ ಹೆಸರಿಗೇ ಬರೆಯಲು ಹೋದವರೂ ಇದ್ದಾರೆ. 2012ರ ‘ಸ್ಪೆಕ್ ಆಪ್ಸ್: ದಿ ಲೈನ್’ನಲ್ಲಿ ಕ್ಯಾಪ್ಟನ್ ವಾಕರ್ ಬಿಳಿ ರಂಜಕದ ಶೆಲ್ ಹಾರಿಸುತ್ತಾನೆ. ಗುರಿ ಹಿಡಿಯುವ ಪರದೆಯಲ್ಲಿ ಮನುಷ್ಯರು ಬಿಳಿ ಚುಕ್ಕೆಗಳು, ಆ ಗಾಜಿನ ಮೇಲೆ ವಾಕರ್‌ನ ಮುಖದ ನೆರಳು. ಆಮೇಲೆ ಅದೇ ಚುಕ್ಕೆಗಳ ನಡುವೆ ನಡೆದುಹೋಗಬೇಕು, ಸುಟ್ಟವರಲ್ಲಿ ಊರ ಜನರೂ ಮಕ್ಕಳೂ ಇದ್ದಾರೆ. ಬಲವಾದ ದೃಶ್ಯ, ಆದರೆ ಅರ್ಧ ಮಾತ್ರ ಗೆಲ್ಲುತ್ತದೆ. ಹಾರಿಸದೆ ಮುಂದೆ ಹೋಗಲು ಬಿಡದ ಆಟ ಆಮೇಲೆ ‘ಯಾಕೆ ಹಾರಿಸಿದೆ’ ಎಂದು ನಮ್ಮನ್ನೇ ಗದರುತ್ತದೆ. ಬಲವಂತವಾಗಿ ಸಾಮಾನು ಕೈಗಿಟ್ಟು ಉದ್ರಿ ಬರೆದುಕೊಂಡ ಹಾಗಾಯಿತು. 2013ರ ‘ದಿ ಲಾಸ್ಟ್ ಆಫ್ ಅಸ್’ನಲ್ಲೂ ಆಸ್ಪತ್ರೆಯ ಡಾಕ್ಟರನ್ನು ಕೊಲ್ಲದೇ ಗತಿಯಿಲ್ಲ, ಆದರೆ ಅಲ್ಲಿ ಆಟ ಬೈಯುವುದಿಲ್ಲ, ಹೀರೋ ಜೋಯೆಲ್ ತಾನು ಮಗಳಂತೆ ಕಾಣುವ ಹುಡುಗಿಗೆ ಸುಳ್ಳು ಹೇಳಿ ಸುಮ್ಮನಾಗುತ್ತಾನೆ. ವಸೂಲಿಗೆ ಏಳು ವರ್ಷ ಕಾದು, 2020ರ ಎರಡನೇ ಭಾಗದಲ್ಲಿ ಆ ಡಾಕ್ಟರ ಮಗಳನ್ನೇ ನಮ್ಮ ಕೈಗೆ ಕೊಟ್ಟು ಅರ್ಧ ಆಟ ಆಡಿಸಿದರು. ಸಿಟ್ಟಾದವರು ಬಹಳ. ಬಾಕಿ ಕೇಳಲು ಬಂದವರ ಮೇಲೆ ಸಿಟ್ಟು ಬರುವುದು ಸಹಜ.

ಇದನ್ನೆಲ್ಲ ನಮ್ಮ ನೆಲದಲ್ಲಿ ಮಾಡಿನೋಡಬೇಕೆನ್ನುವ ಎಂಜಿನಿಯರಿಂಗ್, ಚಿತ್ರಕಲಾ ವಿದ್ಯಾರ್ಥಿಗಳಿಗೆ ಎಂಟು ಪುಟದ ಒಂದು ಕಾಮಿಕ್ಸ್ ಕಥೆಯ ನಕ್ಷೆ. ತಿಪ್ಪೇಶ, 26 ವರ್ಷ, ಚಳ್ಳಕೆರೆಯ ಒಬ್ಬ ಮೀಟರ್ ಬಡ್ಡಿ ಸಾಹುಕಾರನ ವಸೂಲಿ ಹುಡುಗ. ಬಲವಂತದ ವಸೂಲಿಗೆ ಹತ್ತು ವರ್ಷ ಜೈಲು, ಐದು ಲಕ್ಷ ದಂಡದವರೆಗೆ ಹೋಗುವ ಸುಗ್ರೀವಾಜ್ಞೆಯನ್ನು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ತಂದದ್ದರಿಂದ ಅವನ ಕಸುಬು ಈಗ ಕದ್ದುಮುಚ್ಚಿ ನಡೆಯುವಂಥದ್ದು. ಅವನ ಬಡತನವನ್ನು ಒಂದನೇ ಪುಟದಲ್ಲಿ ಹೇಳಬೇಡಿ, ಜಾಮೀನು ಆಗಿಬಿಡುತ್ತದೆ. ಐದನೇ ಪುಟಕ್ಕೆ ಇಡಿ. ಒಂದನೇ ಪುಟದಲ್ಲಿ ಅವನು ಚುರುಕು, ತಮಾಷೆಯ ಹುಡುಗ, ಟಿವಿಎಸ್ ಎಕ್ಸೆಲ್ ಮೇಲೆ ಬರುತ್ತಾನೆ.

ಮೂರನೇ ಪುಟವೇ ಜೀವ. ಆರು ಚೌಕ. ಹೊಸ್ತಿಲ ಹೊರಗೆ ಬಿಟ್ಟ ಅವನ ಚಪ್ಪಲಿ. ಒಳಗೆ ಅಜ್ಜಿ: ‘ಬಾರಪ್ಪಾ ತಿಪ್ಪೇಶ, ನಿಮ್ಮವ್ವ ಚೆನ್ನಾಗಿದಾಳಾ? ಬಿಸ್ಲಾಗೆ ಬಂದಿದ್ಯ, ಮಜ್ಜಿಗೆ ಕೊಡ್ತೀನಿ ಕೂತ್ಕೋ.’ ಅವನು ಮಜ್ಜಿಗೆ ಕುಡಿಯುತ್ತಾನೆ, ಲೋಟ ಮುಖ ಮುಚ್ಚಿದೆ. ಲೋಟ ಇಳಿದಾಗ ಕಣ್ಣು ಮೂಲೆಯ ಹೊಲಿಗೆ ಯಂತ್ರದ ಮೇಲೆ. ಐದನೇ ಚೌಕಕ್ಕೆ ಮಾತು ಬೇಡ. ಆರನೆಯದರಲ್ಲಿ ಎಕ್ಸೆಲ್ ಹಿಂದೆ ಹಗ್ಗದಲ್ಲಿ ಕಟ್ಟಿದ ಯಂತ್ರ, ಬಾಗಿಲಲ್ಲಿ ಖಾಲಿ ಲೋಟ ಹಿಡಿದ ಅಜ್ಜಿ. ಅವಳು ಅಳುವುದನ್ನು ಬರೆದರೆ ಪುಟ ಕೆಡುತ್ತದೆ. ಅವಳ ಮುಖ ಮಾತ್ರ ಸ್ಪಷ್ಟವಾಗಿರಬೇಕು, ಮುಖವಿಲ್ಲದ ಬಲಿಯ ಉದ್ರಿಯನ್ನು ಯಾವ ಓದುಗನೂ ಬರೆದುಕೊಳ್ಳುವುದಿಲ್ಲ. ಏಳನೇ ಪುಟದಲ್ಲಿ, ಮನೆಯಲ್ಲಿ, ಮದುವೆ ಗೊತ್ತಾದ ತಂಗಿ ಕೇಳುತ್ತಾಳೆ: ‘ಅಣ್ಣಾ, ಅಜ್ಜಿ ಹತ್ರ ಹೊಲಿಯಾಕೆ ಕೊಟ್ಟಿದ್ದ ಬ್ಲೌಸು ತಂದ್ಯಾ?’

ಅಕ್ಷರಗಳ ಬಗ್ಗೆ ಒಂದು ಎಚ್ಚರಿಕೆ. ಕನ್ನಡಕ್ಕೆ ಮೇಲೂ ಕೆಳಗೂ ಜಾಗ ಬೇಕು, ಇಂಗ್ಲಿಷ್ ಕಾಮಿಕ್ಸ್ ಮಾತಿನ ಬಲೂನಿನ ಅಳತೆ ಇಟ್ಟರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಹಳೆಯ ಫೋಟೋಶಾಪ್‌ನ ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಹಾಕದಿದ್ದರೆ ಒತ್ತು ಒಡೆದು ಪಕ್ಕಕ್ಕೆ ಬೀಳುತ್ತವೆ. ಗೇಮ್ ಮಾಡುವವರಿಗೆ ಯೂನಿಟಿ ಎಂಬ ಗೇಮ್ ಕಟ್ಟುವ ತಂತ್ರಾಂಶದ ಟೆಕ್ಸ್ಟ್‌ಮೆಷ್‌ಪ್ರೋದಲ್ಲೂ ಇದೇ ತಲೆನೋವು, ಅದಕ್ಕೆ ಕನ್ನಡದ ಅಕ್ಷರ ಜೋಡಿಸಲು ಬರುವುದಿಲ್ಲ. ಅಂಥದೇ ಇನ್ನೊಂದು ತಂತ್ರಾಂಶ ಗೋಡೋ 4ರಲ್ಲಿ ಈ ತೊಂದರೆ ಇಲ್ಲ.

ಇದನ್ನೇ ಗೇಮ್ ಮಾಡುವುದಾದರೆ 2013ರ ‘ಪೇಪರ್ಸ್, ಪ್ಲೀಸ್’ ಒಳ್ಳೆಯ ಗುರು. ಅಲ್ಲಿ ಗಡಿ ಠಾಣೆಯ ಗುಮಾಸ್ತನಿಗೆ ತಲೆಗೆ 5ರಂತೆ ಕೂಲಿ, ದಿನಕ್ಕೆ ಎರಡು ತಪ್ಪಿಗೆ ಎಚ್ಚರಿಕೆ, ಮೂರನೆಯದಕ್ಕೆ ದಂಡ. ಆ ಎರಡು ಎಚ್ಚರಿಕೆಗಳಲ್ಲೇ ಕರುಣೆಗೆ ಇರುವಷ್ಟು ಜಾಗ. ತಿಪ್ಪೇಶನ ದಿನವನ್ನು ಹೀಗೆ ಕಟ್ಟಬಹುದು: ಎಂಟು ಮನೆ, ಮನೆಗೆ 50 ರೂಪಾಯಿ ಕಮಿಷನ್. ಪೆಟ್ರೋಲು, ಅಕ್ಕಿ, ಅವ್ವನ ಮಾತ್ರೆಗೆ ದಿನಕ್ಕೆ 300 ಬೇಕು. ಅಂದರೆ ಆರು ಮನೆ ವಸೂಲಾಗಬೇಕು. ತಾವಾಗಿಯೇ ಕೊಡುವ ಮನೆ ನಾಲ್ಕೇ. ಉಳಿದ ನಾಲ್ಕರಲ್ಲಿ ಯಾವ ಎರಡನ್ನು ಹಿಂಡುವುದು ಎಂಬುದೇ ಆಟ. ಸುಲಭದ ಮನೆ ಆರಿಟ್ಟರೆ ಬಯೋಶಾಕ್‌ನ ತಪ್ಪು ಮರುಕಳಿಸುತ್ತದೆ. ಎರಡಿಟ್ಟರೆ ‘ಹೆಂಗಿದ್ರೂ ಹಿಂಡ್ಲೇಬೇಕು’ ಎಂದು ಆಡುವವನ ಮನಸ್ಸು ಎರಡೇ ದಿನಕ್ಕೆ ಜಡ್ಡುಗಟ್ಟುತ್ತದೆ. ಸೇವ್ ಒಂದೇ ಇರಲಿ, ಮನೆಯ ಹೊಸ್ತಿಲು ದಾಟಿದ ಕೂಡಲೇ ತಾನಾಗಿ ಬರೆದುಕೊಳ್ಳಲಿ.

ಒಳ್ಳೆಯದು ಕೆಟ್ಟದ್ದರ ಮಾಪಕ ಪರದೆಯ ಮೇಲೆ ಬೇಡ. ಮರುದಿನ ಅಜ್ಜಿಯ ಬೀದಿಯಲ್ಲಿ ಹೋಗುವಾಗ ತೆರೆದ ಬಾಗಿಲಿನೊಳಗೆ, ಹೊಲಿಗೆ ಯಂತ್ರ ಇದ್ದ ಮೂಲೆಯಲ್ಲಿ, ಅದರ ನಾಲ್ಕು ಕಾಲಿನ ಗುರುತು ನೆಲದ ಮೇಲೆ ಕಾಣಬೇಕು. ಆ ಬೀದಿಯೇ ಹತ್ತಿರದ ದಾರಿಯಾಗಿರಲಿ, ಸುತ್ತಿ ಹೋದರೆ ಪೆಟ್ರೋಲು ಹೆಚ್ಚು ಸುಡಲಿ. ಮೊದಲ ಸಲ ಆಡಲು ಕೊಟ್ಟಾಗ ಆಡುವವನ ಮುಖ ನೋಡುತ್ತಾ ಕೂರಬೇಡಿ, ಅವನು ಹಿಡಿಯುವ ದಾರಿ ನೋಡಿ. ಯಾರೂ ಹೇಳದೆ, ಪೆಟ್ರೋಲು ಸುಟ್ಟರೂ ಪರವಾಗಿಲ್ಲ ಎಂದು ಸುತ್ತಿನ ದಾರಿ ಹಿಡಿದರೆ ಲೆಕ್ಕ ಕೂಡಿದೆ.